ಊರಿಗೆ ಬರೋದು ಸಲೀಸು, ಕಾಲೇಜಿಗೆ ಮರಳೋದೇ ಸಂಕಟ: ಮೂರು ದಿನದ ರಜೆ ಮತ್ತು ಸಿಂಧನೂರು ಬಸ್ ನಿಲ್ದಾಣ

ಸಿಂಧನೂರು: ಜನವರಿ 24 ನಾಲ್ಕನೇ ಶನಿವಾರ, 25 ಭಾನುವಾರ, 26 ಸೋಮವಾರ ಗಣರಾಜ್ಯೋತ್ಸವ. ಸಂಕ್ರಾಂತಿ ಮುಗಿದು ಹತ್ತು ದಿನ ಕಳೆಯುವುದರೊಳಗೆ ಮತ್ತೆ ಮೂರು ದಿನ ಸಾಲು ರಜೆ. ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆ, ಅದರ ಬೆನ್ನಿಗೇ ಕೊಪ್ಪಳದ ಗವಿಮಠದ ಜಾತ್ರೆ, ಆಮೇಲೆ ಸಂಕ್ರಾಂತಿ. ಈ ತಿಂಗಳು ಪೂರ್ತಿ ಬಸ್ಸುಗಳಿಗೆ ಬಿಡುವೇ ಇಲ್ಲ. ಈಗ ರಾಯಚೂರು, ಬಳ್ಳಾರಿ, ಕಲಬುರಗಿ, ಧಾರವಾಡ, ಬೆಂಗಳೂರುಗಳಲ್ಲಿ ಓದುತ್ತಿರುವ ತಾಲೂಕಿನ ಹುಡುಗ ಹುಡುಗಿಯರು ಶುಕ್ರವಾರ ಸಂಜೆಯಿಂದಲೇ ಊರ ಕಡೆ ಮುಖ ಮಾಡುತ್ತಾರೆ. ಮಂಗಳವಾರ ಬೆಳಿಗ್ಗೆ ಅವರೆಲ್ಲ ಕ್ಲಾಸಿನಲ್ಲಿ ಇರಬೇಕು.

ಸಮಸ್ಯೆ ಇರುವುದು ಬರುವುದರಲ್ಲಿ ಅಲ್ಲ, ಮರಳುವುದರಲ್ಲಿ. ಸಾಲು ರಜೆ ಬಂದಾಗಲೆಲ್ಲ ಕೊನೆಯ ದಿನದ ಸಂಜೆ ಸಿಂಧನೂರು, ಮಸ್ಕಿ, ಲಿಂಗಸುಗೂರು ನಿಲ್ದಾಣಗಳಲ್ಲಿ ಕಾಣುವ ನೂಕುನುಗ್ಗಲು ಆಕಸ್ಮಿಕವಲ್ಲ. ಕ್ಯಾಲೆಂಡರಿನಲ್ಲಿ ವರ್ಷದ ಮೊದಲೇ ಅಚ್ಚಾಗಿರುವ ದಿನಗಳವು. ಯಾವ ದಿನ ರಜೆ ಅಂತ ಎಲ್ಲರಿಗೂ ಗೊತ್ತು, ಆದರೂ ಪ್ರತಿ ಸಲ ‘ಏನ್ ರಶ್ಶಪ್ಪಾ ಇದು’ ಅಂತ ಎಲ್ಲರೂ ಹುಬ್ಬೇರಿಸುತ್ತಾರೆ.

ಬರುವಾಗ ಹರಡಿ, ಹೋಗುವಾಗ ಒಮ್ಮೆಲೇ

ರಜೆಗೆ ಊರಿಗೆ ಬರುವವರು ಒಂದೇ ಹೊತ್ತಿಗೆ ಬರುವುದಿಲ್ಲ. ಕೆಲವರು ಶುಕ್ರವಾರ ಮಧ್ಯಾಹ್ನದ ಕ್ಲಾಸು ಬಿಟ್ಟು ಹೊರಡುತ್ತಾರೆ, ಕೆಲವರು ರಾತ್ರಿ ಬಸ್ಸಿಗೆ, ಇನ್ನು ಕೆಲವರು ಶನಿವಾರ ಬೆಳಿಗ್ಗೆ ಆರಾಮವಾಗಿ. ಒಂದು ಬಸ್ಸು ತಪ್ಪಿದರೆ ಇನ್ನೊಂದು. ತಡವಾದರೆ ಅವ್ವ ಬೈಯಬಹುದು, ಅಷ್ಟೇ. ಅಲ್ಲಿ ಹಾಜರಿ ಕೂಗುವವರು ಯಾರೂ ಇಲ್ಲ.

ಮರಳುವಾಗ ಹಂಗಲ್ಲ. ಎಲ್ಲರಿಗೂ ಮನೆಯಲ್ಲಿ ಕೊನೆಯ ದಿನದ ಮಧ್ಯಾಹ್ನದ ಊಟ ಮುಗಿಸಿಯೇ ಹೊರಡಬೇಕು ಅನ್ನೋ ಆಸೆ. ಎಲ್ಲರಿಗೂ ಮರುದಿನ ಬೆಳಿಗ್ಗೆ ಒಂಬತ್ತು ಹತ್ತು ಗಂಟೆಯೊಳಗೆ ಕಾಲೇಜು ಮುಟ್ಟಬೇಕು. ಹೀಗಾಗಿ ಎರಡು ದಿನದಲ್ಲಿ ಹರಡಿ ಬಂದ ಜನ, ಐದಾರು ತಾಸಿನ ಸಣ್ಣ ಕಿಂಡಿಯೊಳಗೆ ವಾಪಸ್ ಹೋಗಬೇಕಾಗುತ್ತದೆ. ಬಸ್ಸುಗಳ ಸಂಖ್ಯೆ ಮಾತ್ರ ಹೆಚ್ಚುಕಡಿಮೆ ದಿನದಷ್ಟೇ.

ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ಒಂದು ತಾಲೂಕಿನ ಇಪ್ಪತ್ತು ಹಳ್ಳಿಗಳಿಂದ ತಲಾ ಐದು ವಿದ್ಯಾರ್ಥಿಗಳು ಒಂದೇ ಸಂಜೆ ಒಂದೇ ಊರಿಗೆ ಹೊರಟರೆಂದರೆ ನೂರು ಜನ. ಐವತ್ತು ಸೀಟಿನ ಬಸ್ಸಿನ ಲೆಕ್ಕದಲ್ಲಿ ಅದು ಪೂರ್ತಿ ಎರಡು ಬಸ್ಸು. ಆ ಬಸ್ಸುಗಳಲ್ಲಿ ದಿನನಿತ್ಯದ ಪ್ರಯಾಣಿಕರು ಬೇರೆ ಇರುತ್ತಾರೆ. ಇಪ್ಪತ್ತು ಹಳ್ಳಿ ಅಂದರೆ ಸಿಂಧನೂರು ತಾಲೂಕಿನ ಒಂದು ಮೂಲೆ ಮಾತ್ರ.

2024ರ ದೀಪಾವಳಿಯಲ್ಲಿ ಇದು ಇನ್ನೂ ದೊಡ್ಡದಾಗಿತ್ತು. ಅಕ್ಟೋಬರ್ 31 ಗುರುವಾರ ನರಕ ಚತುರ್ದಶಿ, ನವೆಂಬರ್ 1 ರಾಜ್ಯೋತ್ಸವ, 2ರಂದು ಬಲಿಪಾಡ್ಯಮಿ, 3 ಭಾನುವಾರ. ನಾಲ್ಕು ದಿನ ಸಾಲಾಗಿ ರಜೆ, ಮರಳುವುದಕ್ಕೆ ಮಾತ್ರ ಅದೇ ಒಂದು ಭಾನುವಾರ ಸಂಜೆ. ರಜೆ ಉದ್ದವಾದಷ್ಟೂ ಬರುವವರು ಹೆಚ್ಚಾಗುತ್ತಾರೆ, ಮರಳುವ ಕಿಂಡಿ ಮಾತ್ರ ದೊಡ್ಡದಾಗುವುದಿಲ್ಲ.

ಸಾಲಗುಂದದಿಂದ ಕಾಲೇಜಿಗೆ ಮೂರು ಹಂತ

ಪಟ್ಟಣದಲ್ಲಿ ಇರುವವರಿಗೆ ಪ್ರಯಾಣ ಅಂದರೆ ಸಿಂಧನೂರಿನಿಂದ ಶುರು. ಸಾಲಗುಂದದಂಥ ಹಳ್ಳಿಯವರಿಗೆ ಅದು ಎರಡನೇ ಹಂತ. ಮೊದಲು ಹಳ್ಳಿಯಿಂದ ಸಿಂಧನೂರಿಗೆ ಬರಬೇಕು, ಅಲ್ಲಿಂದ ದೊಡ್ಡ ಊರಿಗೆ, ಅಲ್ಲಿಂದ ಕ್ಯಾಂಪಸ್ಸಿಗೆ.

ಮೂರನೇ ಹಂತವನ್ನು ಬಹಳ ಜನ ಮರೆಯುತ್ತಾರೆ. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಕಲಬುರಗಿಯದು ಅಂತ ಹೇಳುತ್ತೇವೆ, ಆದರೆ ಅದು ಇರುವುದು ಆಳಂದ ತಾಲೂಕಿನ ಕಡಗಂಚಿಯಲ್ಲಿ. ರಾಯಚೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಪಟ್ಟಣದೊಳಗಿಲ್ಲ, ಮಂತ್ರಾಲಯ ರಸ್ತೆಯ ಯರಗೇರಾದಲ್ಲಿದೆ. ರಾತ್ರಿ ಹತ್ತಕ್ಕೆ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಇಳಿದ ಹುಡುಗಿಗೆ ಅಲ್ಲಿಂದ ಮುಂದೆ ಹೋಗಲು ಬಸ್ಸು ಸಿಗುವ ಹೊತ್ತು ಮೀರಿರುತ್ತದೆ. ನಿಲ್ದಾಣದಲ್ಲೇ ಬೆಳಗು ಮಾಡಬೇಕು, ಇಲ್ಲವೇ ಗೆಳತಿಯ ರೂಮು ಹುಡುಕಬೇಕು.

ಮೂರೂ ಹಂತಗಳು ಒಂದಕ್ಕೊಂದು ಕೊಂಡಿಯಾಗಿ ಕೂಡಬೇಕು. ಹಳ್ಳಿಯ ಸಂಜೆ ಬಸ್ಸು ಅರ್ಧ ತಾಸು ತಡವಾದರೆ ಸಿಂಧನೂರಿನ ಬಸ್ಸು ತಪ್ಪುತ್ತದೆ, ಅದು ತಪ್ಪಿದರೆ ಕೊನೆಯ ಹಂತವೂ ಹೋಯಿತು. ಅದಕ್ಕೇ ಹಳ್ಳಿಯ ವಿದ್ಯಾರ್ಥಿಗೆ ಮೂರು ದಿನದ ರಜೆ ಅಂದರೆ ನಿಜವಾಗಿ ಎರಡೇ ದಿನ. ಮೂರನೇ ದಿನ ಮಧ್ಯಾಹ್ನವೇ ಚೀಲ ಹೊತ್ತು ರಸ್ತೆಗೆ ಬಂದು ನಿಲ್ಲಬೇಕು. ಟಂಟಂ ಸಿಕ್ಕರೆ ಟಂಟಂ, ಇಲ್ಲಾಂದ್ರೆ ಅಣ್ಣನ ಬೈಕು.

ಇಷ್ಟು ಜನ ಹೊರಗೆ ಓದುವುದು ಯಾಕೆ?

ಹತ್ತು ಹದಿನೈದು ವರ್ಷದ ಹಿಂದೆ ನಿಲ್ದಾಣದಲ್ಲಿ ಇಷ್ಟು ಕಾಲೇಜು ಬ್ಯಾಗುಗಳು ಕಾಣುತ್ತಿರಲಿಲ್ಲ. ಬದಲಾವಣೆಗೆ ಕಾರಣ ಹಲವು. ರಾಯಚೂರಿನಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆ (ರಿಮ್ಸ್) 2007ರಲ್ಲಿ, ಕೃಷಿ ವಿಶ್ವವಿದ್ಯಾಲಯ 2009ರಲ್ಲಿ ಶುರುವಾದವು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರದು. ಇವೆಲ್ಲಕ್ಕಿಂತ ದೊಡ್ಡದು ಸಂವಿಧಾನದ 371 (ಜೆ) ವಿಧಿ. 2012ರ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯ ಕೆಳಗೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಮೀಸಲಾದವು.

ಆ ಶೇ 8ರ ಬಾಗಿಲಿನಿಂದಲೇ ಈ ಭಾಗದ ಎಷ್ಟೋ ಮಕ್ಕಳು ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕಾಲೇಜು ಸೇರಿದ್ದಾರೆ. ಅಪ್ಪ ಏಳನೇ ಕ್ಲಾಸಿಗೆ ಬಿಟ್ಟ ಮನೆಯಿಂದ ಮಗಳು ಎಂಜಿನಿಯರಿಂಗ್ ಓದಲು ಹೋಗಿದ್ದಾಳೆ. ಸೀಟು ಸಿಗುವ ದಾರಿ ಸರ್ಕಾರ ಮಾಡಿಕೊಟ್ಟಿತು. ಆ ಸೀಟಿನ ತನಕ ಹೋಗಿ ಬರುವ ದಾರಿ ಅಷ್ಟೇ ಬೇಗ ಬೆಳೆಯಲಿಲ್ಲ. ಸಾಲು ರಜೆಯ ಸಂಜೆ ನಿಲ್ದಾಣದಲ್ಲಿ ಕಾಣುವುದು ಈ ಅಂತರವೇ.

ಶಕ್ತಿ ಯೋಜನೆ ಕೊಟ್ಟದ್ದು ಮತ್ತು ಮುಟ್ಟದ್ದು

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ವಿದ್ಯಾರ್ಥಿನಿಯರ ಓಡಾಟವನ್ನೇ ಬದಲಿಸಿತು. ಮೊದಲು ಹಬ್ಬಕ್ಕೊಮ್ಮೆ ಊರು ನೋಡುತ್ತಿದ್ದ ಹಾಸ್ಟೆಲ್ ಹುಡುಗಿಯರು ಈಗ ತಿಂಗಳಿಗೆ ಒಂದೆರಡು ಸಲ ಬಂದು ಹೋಗುತ್ತಾರೆ. ಬಡ ಮನೆಗಳಿಗೆ ಇದು ಸಣ್ಣ ಮಾತಲ್ಲ. ಮಗಳು ಹೊರಗೆ ಓದಲಿ ಅಂತ ಧೈರ್ಯ ಮಾಡಲು ಎಷ್ಟೋ ತಂದೆ ತಾಯಿಗೆ ಇದೂ ಒಂದು ಆಸರೆ.

ಆದರೆ ಉಚಿತ ಪ್ರಯಾಣ ಇರುವುದು ಸಾಮಾನ್ಯ ಬಸ್ಸುಗಳಲ್ಲಿ ಮಾತ್ರ. ರಾಜಹಂಸ, ಎಸಿ, ಸ್ಲೀಪರ್ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಅಮೋಘವರ್ಷ, ಕಲ್ಯಾಣ ರಥ ಹೆಸರಿನ ಸ್ಲೀಪರ್‌ಗಳಿಗೆ ಪೂರ್ತಿ ದುಡ್ಡು ಕೊಡಲೇಬೇಕು. ಹೀಗಾಗಿ ಸಾಲು ರಜೆಯ ಸಂಜೆ ಸಾಮಾನ್ಯ ಬಸ್ಸಿನ ಮೇಲೆಯೇ ಪೂರ್ತಿ ಭಾರ. ಸಾಮಾನ್ಯ ಬಸ್ಸಿನಲ್ಲಿ ಅರ್ಧ ಸೀಟು ಗಂಡಸರಿಗೆ ಅಂತ ನಿಯಮ ಇದ್ದರೂ, ಕಾಲಿಡಲು ಜಾಗ ಇಲ್ಲದ ಹೊತ್ತಿನಲ್ಲಿ ಅದನ್ನು ನೋಡುವವರು ಯಾರು? ಹುಡುಗರು ಒಂದು ಕಡೆ, ಹುಡುಗಿಯರು ಇನ್ನೊಂದು ಕಡೆ ಗೊಣಗುತ್ತಾ ನಿಲ್ಲುತ್ತಾರೆ. ಬೈಸಿಕೊಳ್ಳುವವರು ಮಾತ್ರ ಕಂಡಕ್ಟರ್.

ಇದನ್ನು ಗಂಡಸರು–ಹೆಂಗಸರ ಜಗಳ ಮಾಡುವುದರಲ್ಲಿ ಅರ್ಥವಿಲ್ಲ. ದುಡ್ಡು ಕೊಟ್ಟವನೂ ನಿಂತಿದ್ದಾನೆ, ಶೂನ್ಯ ಟಿಕೆಟ್ ಪಡೆದವಳೂ ನಿಂತಿದ್ದಾಳೆ. ಕೊರತೆ ಇರುವುದು ಬಸ್ಸಿನದು, ಅದೂ ಒಂದು ನಿರ್ದಿಷ್ಟ ಸಂಜೆಯದು.

ಲೆಕ್ಕಕ್ಕೇ ಸಿಗದ ಪ್ರಯಾಣಿಕರು

ಹಾಗಾದರೆ ಹೆಚ್ಚುವರಿ ಬಸ್ಸು ಬಿಡುವುದಿಲ್ಲವೇ? ಬಿಡುತ್ತಾರೆ. ಪ್ರತಿ ದೊಡ್ಡ ಹಬ್ಬಕ್ಕೂ ಬೆಂಗಳೂರಿನಿಂದ ರಾಜ್ಯದ ಎಲ್ಲ ಕಡೆಗೆ ವಿಶೇಷ ಬಸ್ಸುಗಳ ಪಟ್ಟಿ ಪತ್ರಿಕೆಗಳಲ್ಲಿ ಬರುತ್ತದೆ. ಅಲ್ಲಿ ಮುಂಗಡ ಟಿಕೆಟ್ ಮಾಡಿಸುವವರು ಹೆಚ್ಚು. ಯಾವ ದಿನ, ಯಾವ ಊರಿಗೆ ಎಷ್ಟು ಸೀಟು ತುಂಬಿತು ಅಂತ ಕಂಪ್ಯೂಟರ್ ಮೊದಲೇ ಹೇಳುತ್ತದೆ. ಬಸ್ಸು ತುಂಬಿದರೆ ಇನ್ನೊಂದು ಬಸ್ಸು ಹಾಕುವುದು ಸುಲಭ.

ಸಿಂಧನೂರಿನಿಂದ ರಾಯಚೂರಿಗೋ ಬಳ್ಳಾರಿಗೋ ಹೋಗುವ ವಿದ್ಯಾರ್ಥಿ ಮುಂಗಡ ಟಿಕೆಟ್ ಮಾಡಿಸುವುದಿಲ್ಲ. ಮಾಡಿಸುವ ರೂಢಿಯೂ ಇಲ್ಲ, ಬಹುತೇಕ ಸಾಮಾನ್ಯ ಬಸ್ಸುಗಳಲ್ಲಿ ಆ ವ್ಯವಸ್ಥೆಯೂ ಇಲ್ಲ. ನಿಲ್ದಾಣಕ್ಕೆ ಬಂದು ನಿಲ್ಲುವ ತನಕ ಆತ ಯಾರ ಲೆಕ್ಕದಲ್ಲೂ ಇಲ್ಲ. ಬಂದು ನಿಂತ ಮೇಲೆ ಡಿಪೋದಲ್ಲಿ ಬಸ್ಸು ಇದ್ದರೆ ಚಾಲಕ ಇಲ್ಲ, ಚಾಲಕ ಇದ್ದರೆ ಬಸ್ಸು ಇಲ್ಲ. ಇರುವ ಬಸ್ಸುಗಳಲ್ಲಿ ಕೆಲವು ದೂರದ ವಿಶೇಷ ಓಡಾಟಕ್ಕೆ ಹೋಗಿರುತ್ತವೆ. ಹಳ್ಳಿಯ ಟ್ರಿಪ್ಪು ಕಡಿತವಾಗುವುದೂ ಅದೇ ಹೊತ್ತಿಗೆ.

ಇಲ್ಲಿ ಸಾರಿಗೆ ಸಿಬ್ಬಂದಿಯ ಮೇಲೆ ಗೂಬೆ ಕೂರಿಸುವುದು ಸುಲಭ. 2025ರ ಆಗಸ್ಟ್ 5ರಂದು ವೇತನ ಪರಿಷ್ಕರಣೆ ಮತ್ತು 38 ತಿಂಗಳ ಹಿಂಬಾಕಿಗಾಗಿ ಸಾರಿಗೆ ನೌಕರರು ಮುಷ್ಕರಕ್ಕೆ ಇಳಿದಾಗ, ಹೈಕೋರ್ಟ್ ಸೂಚನೆಯ ನಂತರ ಅದು ಒಂದೇ ದಿನಕ್ಕೆ ನಿಂತಿತು. ಆ ಒಂದು ದಿನದಲ್ಲೇ ರಾಜ್ಯದ ಎಷ್ಟೋ ನಿಲ್ದಾಣಗಳಲ್ಲಿ ಜನ ಪರದಾಡಿದರು. ಹಬ್ಬದ ದಿನ ತನ್ನ ಮನೆಯಲ್ಲಿ ಇರದೆ ಬೇರೆಯವರ ಮಕ್ಕಳನ್ನು ಮನೆ ಮುಟ್ಟಿಸುವವರು ಅದೇ ಚಾಲಕ, ಕಂಡಕ್ಟರ್‌ಗಳು. ಎರಡು ಪಾಳಿ ಒಬ್ಬರ ಮೇಲೇ ಹೇರಿ ಓಡಿಸುವ ಹೆಚ್ಚುವರಿ ಬಸ್ಸು ಯಾರಿಗೂ ಒಳ್ಳೆಯದಲ್ಲ.

ಖಾಸಗಿ ಸ್ಲೀಪರ್: ದರಕ್ಕೆ ಯಾಕೆ ಕಡಿವಾಣ ಇಲ್ಲ

ಬೆಂಗಳೂರಿಗೆ ಹೋಗುವವರ ಕತೆ ಬೇರೆ. ಸುಮಾರು ನಾನೂರು ಕಿ.ಮೀ. ದೂರ, ಒಂದು ರಾತ್ರಿಯ ದಾರಿ. ಸಾರಿಗೆ ಬಸ್ಸು ತುಂಬಿದರೆ ಖಾಸಗಿ ಸ್ಲೀಪರ್ ಒಂದೇ ಗತಿ. ಮಾಮೂಲಿ ದಿನದ ದರಕ್ಕೂ ಸಾಲು ರಜೆಯ ಕೊನೆಯ ದಿನದ ದರಕ್ಕೂ ಅಜಗಜಾಂತರ. ‘ದುಪ್ಪಟ್ಟು ತಗೋತಾರ, ಕೇಳೋರು ಯಾರೂ ಇಲ್ಲ’ ಅನ್ನೋದು ಪ್ರತಿ ಹಬ್ಬದ ಮಾತು.

ಕೇಳೋರು ಯಾಕೆ ಇಲ್ಲ ಅನ್ನುವುದಕ್ಕೆ ಕಾನೂನಿನಲ್ಲೇ ಉತ್ತರ ಇದೆ. ಮೋಟಾರು ವಾಹನ ಕಾಯ್ದೆಯಲ್ಲಿ ಬಸ್ಸುಗಳಿಗೆ ಎರಡು ಬಗೆಯ ಪರವಾನಗಿ. ಒಂದು, ನಿಲ್ದಾಣದಿಂದ ನಿಲ್ದಾಣಕ್ಕೆ ಒಬ್ಬೊಬ್ಬರಿಗೂ ಟಿಕೆಟ್ ಕೊಟ್ಟು ಹತ್ತಿಸಿ ಇಳಿಸುವ ಸ್ಟೇಜ್ ಕ್ಯಾರೇಜ್. ಇದರ ದರವನ್ನು ಸರ್ಕಾರ ಗೊತ್ತು ಮಾಡುತ್ತದೆ. 2025ರ ಜನವರಿ 5ರಿಂದ ಸಾರಿಗೆ ಬಸ್ ದರ ಶೇ 15 ಏರಿದ್ದೂ ಸರ್ಕಾರದ ತೀರ್ಮಾನದಿಂದಲೇ. ಇನ್ನೊಂದು ಕಾಂಟ್ರಾಕ್ಟ್ ಕ್ಯಾರೇಜ್. ಮದುವೆ ದಿಬ್ಬಣಕ್ಕೋ ಪ್ರವಾಸಕ್ಕೋ ಇಡೀ ಬಸ್ಸನ್ನು ಒಪ್ಪಂದದ ಮೇಲೆ ಕೊಡುವ ಪರವಾನಗಿ ಇದು. ದೂರದ ಖಾಸಗಿ ಸ್ಲೀಪರ್‌ಗಳಲ್ಲಿ ಬಹುಪಾಲು ಓಡುವುದು ಈ ಬಗೆಯ ಪರವಾನಗಿಯ ಮೇಲೆ.

ಕಾಗದದ ಮೇಲೆ ಒಪ್ಪಂದದ ಬಸ್ಸು, ರಸ್ತೆಯ ಮೇಲೆ ದಿನನಿತ್ಯದ ಬಸ್ಸು. ಹೀಗಾಗಿ ಸ್ಟೇಜ್ ಕ್ಯಾರೇಜ್‌ನ ದರಪಟ್ಟಿ ಇದಕ್ಕೆ ಅನ್ವಯಿಸುವುದಿಲ್ಲ. ಹಬ್ಬದ ಹೊತ್ತಿಗೆ ಸಾರಿಗೆ ಇಲಾಖೆ ಎಚ್ಚರಿಕೆ ಕೊಡುತ್ತದೆ, ಕೆಲವು ಬಸ್ಸುಗಳ ಮೇಲೆ ಕೇಸೂ ಆಗುತ್ತದೆ. ಆದರೆ ದರವನ್ನು ನಿಜವಾಗಿ ಇಳಿಸುವುದು ಪಕ್ಕದಲ್ಲಿ ನಿಂತ ಸರ್ಕಾರಿ ಬಸ್ಸಿನ ಖಾಲಿ ಸೀಟು. ಅದು ಇಲ್ಲದ ದಿನ ಖಾಸಗಿಯವರು ಹೇಳಿದ್ದೇ ದರ.

ರೈಲು ಬಂತು, ಒಂದೇ ಕಡೆಗೆ

2024ರ ಮಾರ್ಚ್‌ನಲ್ಲಿ ಸಿಂಧನೂರಿಗೆ ರೈಲು ಬಂದಾಗ ತಾಲೂಕಿಗೆ ತಾಲೂಕೇ ಸಂಭ್ರಮಿಸಿತ್ತು. 1997–98ರಲ್ಲಿ ಮಂಜೂರಾದ ಮುನಿರಾಬಾದ್–ಮಹಬೂಬ್‌ನಗರ ಮಾರ್ಗದ ಹಳಿ ಗಂಗಾವತಿ, ಕಾರಟಗಿ ದಾಟಿ ಇಲ್ಲಿಗೆ ತಲುಪಲು ಕಾಲು ಶತಮಾನ ಹಿಡಿಯಿತು. ಕಾರಟಗಿಯ ತನಕ ಬರುತ್ತಿದ್ದ ಹುಬ್ಬಳ್ಳಿ ಮತ್ತು ಯಶವಂತಪುರದ ರೈಲುಗಳು ಸಿಂಧನೂರಿನವರೆಗೆ ಮುಂದುವರಿದವು.

ಹುಬ್ಬಳ್ಳಿ–ಧಾರವಾಡದ ಕಡೆ ಓದುವವರಿಗೆ ಇದರಿಂದ ನಿಜಕ್ಕೂ ಅನುಕೂಲ ಆಗಿದೆ. ರೈಲು ಇಲ್ಲಿಂದಲೇ ಹೊರಡುವುದರಿಂದ ಕೂರಲು ಜಾಗ ಸಿಗುವ ಸಾಧ್ಯತೆಯೂ ಹೆಚ್ಚು. ಬೆಂಗಳೂರಿಗೆ ದಾರಿ ಸುತ್ತು, ಬಸ್ಸಿಗಿಂತ ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೆ ಹಬ್ಬ ಅಂತ ಅದರ ದರ ದುಪ್ಪಟ್ಟಾಗುವುದಿಲ್ಲ. ರಾಯಚೂರು, ಕಲಬುರಗಿಯ ವಿದ್ಯಾರ್ಥಿಗಳಿಗೆ ಮಾತ್ರ ರೈಲಿನಿಂದ ಏನೂ ಉಪಯೋಗವಿಲ್ಲ. ಸಿಂಧನೂರಿನಿಂದ ರಾಯಚೂರಿನ ತನಕ ಹಳಿ ಪೂರ್ತಿ ಆಗುವವರೆಗೆ ಆ ಕಡೆಯವರಿಗೆ ಬಸ್ಸೇ ಗತಿ. ಜಿಲ್ಲಾ ಕೇಂದ್ರಕ್ಕೇ ರೈಲಿಲ್ಲದ ರೈಲು ನಿಲ್ದಾಣ ನಮ್ಮದು.

ಟಿಕೆಟ್ ವಿಷಯದಲ್ಲಿ ಎರಡು ಬದಲಾವಣೆ ನೆನಪಿರಲಿ. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. 2025ರ ಜುಲೈನಿಂದ ತತ್ಕಾಲ್ ಟಿಕೆಟ್‌ಗೆ ಆಧಾರ್ ದೃಢೀಕರಣ ಬೇಕು. ಸೋಮವಾರ 26ರಂದು ಹೊರಡುವವರು ಸ್ಲೀಪರ್ ತತ್ಕಾಲ್ ಬೇಕೆಂದರೆ ಭಾನುವಾರ ಬೆಳಿಗ್ಗೆ 11ಕ್ಕೆ ಸಿದ್ಧ ಇರಬೇಕು. ಆಧಾರ್ ಜೋಡಣೆಯನ್ನು ಅದಕ್ಕೂ ಮೊದಲೇ ಮುಗಿಸಿಕೊಂಡಿರಬೇಕು.

ಆತುರದ ಬೆಲೆ

ಬಸ್ಸು ಸಿಗದಾಗ ಹುಡುಗರು ಏನು ಮಾಡುತ್ತಾರೆ ಅನ್ನುವುದೇ ಮನೆಯವರ ನಿಜವಾದ ಚಿಂತೆ. ಐದಾರು ಜನ ಸೇರಿ ಕ್ರೂಸರ್ ಮಾಡಿಕೊಳ್ಳುತ್ತಾರೆ, ಲಾರಿಗೆ ಕೈ ಅಡ್ಡ ಹಾಕುತ್ತಾರೆ, ಇಬ್ಬರು ಬೈಕ್ ಮೇಲೆ ರಾತ್ರಿ ತೊಂಬತ್ತು ಕಿ.ಮೀ. ಹೋಗುತ್ತಾರೆ. ಜೇವರ್ಗಿಯಿಂದ ಚಾಮರಾಜನಗರದ ತನಕದ 150ಎ ರಾಷ್ಟ್ರೀಯ ಹೆದ್ದಾರಿ ಲಿಂಗಸುಗೂರು, ಮಸ್ಕಿ, ಸಿಂಧನೂರನ್ನು ಹಾದು ಸಿರುಗುಪ್ಪ, ಬಳ್ಳಾರಿಗೆ ಹೋಗುತ್ತದೆ. ಸುಗ್ಗಿಯಲ್ಲಿ ಅದೇ ರಸ್ತೆಯ ಮೇಲೆ ಭತ್ತದ ಲಾರಿ, ಟ್ರ್ಯಾಕ್ಟರ್, ಹಿಂದೆ ದೀಪವೇ ಇಲ್ಲದ ಟ್ರಾಲಿ.

ತಾಲೂಕು ಮರೆಯಬಾರದ ರಾತ್ರಿ ಒಂದಿದೆ. ಸರಿಯಾಗಿ ಒಂದು ವರ್ಷದ ಹಿಂದೆ, 2025ರ ಜನವರಿ 21ರ ರಾತ್ರಿ, ಮಂತ್ರಾಲಯದಿಂದ ಹಂಪಿ ಕಡೆ ಹೊರಟಿದ್ದ ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಗಳ ವಾಹನ ಸಿಂಧನೂರು ತಾಲೂಕಿನ ಅರಗಿನಮರ ಕ್ಯಾಂಪ್ ಬಳಿ ಪಲ್ಟಿಯಾಗಿ ಮೂವರು ವಿದ್ಯಾರ್ಥಿಗಳು ಮತ್ತು ಚಾಲಕ ತೀರಿಕೊಂಡರು. ಕಳೆದ ದೀಪಾವಳಿಯ ಬೆನ್ನಿಗೆ, 2025ರ ಅಕ್ಟೋಬರ್ 24ರ ನಸುಕಿನಲ್ಲಿ, ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಸ್ಲೀಪರ್ ಬಸ್ಸು ನೆರೆಯ ಕರ್ನೂಲಿನ ಚಿನ್ನಟೇಕೂರು ಬಳಿ ಹೊತ್ತಿ ಉರಿದು 19 ಪ್ರಯಾಣಿಕರು ಸುಟ್ಟುಹೋದರು. ಬಸ್ಸಿನ ಕೆಳಗೆ ಬೈಕು ಸಿಕ್ಕಿಕೊಂಡು ಎದ್ದ ಕಿಡಿ ಅದು. ಸತ್ತವರಲ್ಲಿ ಹಬ್ಬ ಮುಗಿಸಿ ಕೆಲಸಕ್ಕೆ ಮರಳುತ್ತಿದ್ದವರೂ ಇದ್ದರು.

ಎರಡೂ ಅಪಘಾತಗಳ ಕಾರಣ ಬೇರೆ ಬೇರೆ. ಎರಡೂ ಹೇಳುವ ಮಾತು ಒಂದೇ: ರಾತ್ರಿ ಪ್ರಯಾಣದಲ್ಲಿ ಯಾವ ವಾಹನ, ಯಾರ ಕೈಯಲ್ಲಿ ಅನ್ನುವುದನ್ನು ನೋಡದೆ ಹತ್ತಬಾರದು. ಸ್ಲೀಪರ್ ಹತ್ತಿದ ಕೂಡಲೇ ತುರ್ತು ಬಾಗಿಲು ಎಲ್ಲಿದೆ, ಗಾಜು ಒಡೆಯುವ ಸುತ್ತಿಗೆ ಇದೆಯೋ ಇಲ್ಲವೋ ನೋಡಿಕೊಳ್ಳುವುದಕ್ಕೆ ಎರಡು ನಿಮಿಷ ಸಾಕು.

ಈ ಸಲ ಜೇಬೂ ಬಿಗಿ

ಈ ಜನವರಿಗೆ ಇನ್ನೊಂದು ಭಾರವೂ ಇದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದ ಮೇಲೆ 33 ಗೇಟುಗಳನ್ನೂ ಬದಲಿಸುವ ತೀರ್ಮಾನ ಆಯಿತು. ಆ ಕೆಲಸಕ್ಕಾಗಿ ಈ ಸಲ ಎರಡನೇ ಬೆಳೆಗೆ ನೀರಿಲ್ಲ. ಎಡದಂಡೆ ಕಾಲುವೆ ನಂಬಿದ ಸಿಂಧನೂರು ಸೀಮೆಯಲ್ಲಿ ಬೇಸಿಗೆ ಭತ್ತ ಇಲ್ಲ ಅಂದರೆ ಕೂಲಿ ಇಲ್ಲ, ಗೊಬ್ಬರದ ಅಂಗಡಿಗೆ ವ್ಯಾಪಾರ ಇಲ್ಲ, ಅಕ್ಕಿ ಗಿರಣಿಗೂ ಕೆಲಸ ಕಡಿಮೆ.

ಇಂಥ ವರ್ಷದಲ್ಲಿ ಮಗನ ಪ್ರಯಾಣಕ್ಕೆ ಐನೂರು ರೂಪಾಯಿ ಹೆಚ್ಚು ಕೊಡುವುದು ಮನೆಗೆ ಲೆಕ್ಕಕ್ಕೆ ಬರುವ ಮಾತು. ಕೈಯಲ್ಲಿ ದುಡ್ಡಿಲ್ಲದವರು ಇನ್ನೊಂದು ದಿನ ಇದ್ದು ಹೋಗು ಅನ್ನುತ್ತಾರೆ. ಒಂದು ದಿನ ಇದ್ದರೆ ಒಂದು ದಿನದ ಹಾಜರಾತಿ ಹೋಯಿತು. ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಶೇ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಕೆಲವು ಕಡೆ ಇನ್ನೂ ಬಿಗಿ. ವರ್ಷದಲ್ಲಿ ಐದಾರು ಸಾಲು ರಜೆ, ಪ್ರತಿ ಸಲ ಒಂದು ದಿನ ತಪ್ಪಿದರೆ ದೂರದ ಹಳ್ಳಿಯ ವಿದ್ಯಾರ್ಥಿ ಪಟ್ಟಣದ ಗೆಳೆಯನಿಗಿಂತ ಒಂದು ವಾರ ಹಿಂದೆ. ಬಸ್ಸು ತಪ್ಪಿದ ನಷ್ಟ ಅಂಕಪಟ್ಟಿಯ ತನಕ ಹೋಗುತ್ತದೆ.

ಅಂಗಡಿಯವರಿಗೆ ಇದರಲ್ಲಿ ಏನಿದೆ

ನಿಲ್ದಾಣದ ಸುತ್ತಲಿನ ಅಂಗಡಿಯವರಿಗೆ ರಶ್ಶು ಅಂದರೆ ವ್ಯಾಪಾರ ಅಂತ ತೋರುತ್ತದೆ. ಪೂರ್ತಿ ಹಾಗಲ್ಲ. ಬಸ್ಸಿಗಾಗಿ ಕತ್ತು ಚಾಚಿ ನಿಂತವನು ಅಂಗಡಿ ಕಡೆ ತಿರುಗಿ ನೋಡುವುದಿಲ್ಲ, ಸೀಟು ಹೋದೀತು ಅನ್ನೋ ಭಯ. ನೀರಿನ ಬಾಟಲಿ, ಬಿಸ್ಕತ್ತು, ಚಾರ್ಜರ್ ವೈರು ಬಿಟ್ಟರೆ ಹೆಚ್ಚು ಖರ್ಚಾಗುವುದಿಲ್ಲ. ಬಸ್ಸಿನ ಹೊತ್ತು ಖಾತ್ರಿ ಇದ್ದ ದಿನ ಅದೇ ಹುಡುಗ ಒಂದು ತಾಸು ಮೊದಲು ಬಂದು ಖಾನಾವಳಿಯಲ್ಲಿ ಉಂಡು, ನೋಟ್ ಬುಕ್ ಕೊಂಡು, ಮೊಬೈಲ್ ರಿಪೇರಿ ಮಾಡಿಸಿಕೊಂಡು ಹೋಗುತ್ತಾನೆ. ನಿಶ್ಚಿಂತ ಪ್ರಯಾಣಿಕನೇ ಅಂಗಡಿಗೆ ಗಿರಾಕಿ.

ಹಳ್ಳಿಯ ಆನ್‌ಲೈನ್ ಸೆಂಟರ್‌ಗಳಿಗೂ ಇಲ್ಲಿ ಕೆಲಸ ಇದೆ. ಸಾರಿಗೆ ಸಂಸ್ಥೆಯ ಮುಂಗಡ ಟಿಕೆಟ್ ಮಾಡಿಕೊಡಲು ಹಳ್ಳಿಯವರಿಗೆ ನೆರವಾಗಬಹುದು. ಹೋಗುವ ಮತ್ತು ಬರುವ ಟಿಕೆಟ್ ಒಟ್ಟಿಗೆ ಮಾಡಿದರೆ ಬರುವ ಟಿಕೆಟ್ ಮೇಲೆ ಶೇ 10, ನಾಲ್ಕು ಜನ ಒಂದೇ ಟಿಕೆಟ್ ಮಾಡಿದರೆ ಶೇ 5 ರಿಯಾಯಿತಿ ಅಂತ ಕೆಎಸ್‌ಆರ್‌ಟಿಸಿ ಹಬ್ಬಗಳಲ್ಲಿ ಪ್ರಕಟಿಸುತ್ತದೆ. ಬಹಳ ವಿದ್ಯಾರ್ಥಿಗಳಿಗೆ ಇದು ಗೊತ್ತೇ ಇಲ್ಲ. ರೈಲು ಟಿಕೆಟ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅಧಿಕೃತ ಏಜೆನ್ಸಿ ಇಲ್ಲದೆ ಸ್ವಂತ ಐಡಿಯಲ್ಲಿ ಬೇರೆಯವರಿಗೆ ಟಿಕೆಟ್ ಮಾಡಿ ಕಮಿಷನ್ ತಗೊಂಡರೆ ರೈಲ್ವೆ ಕಾಯ್ದೆಯ 143ನೇ ಕಲಂ ಪ್ರಕಾರ ಮೂರು ವರ್ಷದ ತನಕ ಜೈಲು, ಹತ್ತು ಸಾವಿರದ ತನಕ ದಂಡ, ಅಥವಾ ಎರಡೂ ಆಗಬಹುದು. ನೂರು ರೂಪಾಯಿ ಆಸೆಗೆ ಬೀಳುವ ಕೆಲಸ ಅಲ್ಲ.

ಏನು ಮಾಡಬಹುದು

ದೊಡ್ಡ ಯೋಜನೆ, ಹೊಸ ಡಿಪೋ, ನೂರು ಬಸ್ಸು ಅಂತ ಕೇಳುವುದಕ್ಕಿಂತ ಕೈಗೆ ಎಟಕುವ ಕೆಲಸಗಳಿವೆ.

ಮೊದಲನೆಯದು, ಲೆಕ್ಕಕ್ಕೆ ಸಿಗುವುದು. ರಜೆಗೆ ಒಂದು ವಾರ ಮೊದಲು ಹಳ್ಳಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಯಾರು, ಯಾವ ಊರಿಗೆ, ಯಾವ ಹೊತ್ತಿಗೆ’ ಅಂತ ಪಟ್ಟಿ ಮಾಡುವುದು ಕಷ್ಟವಲ್ಲ. ನಲವತ್ತು ಐವತ್ತು ಹೆಸರಿನ ಪಟ್ಟಿಯನ್ನು ಗ್ರಾಮ ಪಂಚಾಯಿತಿಯ ಮೂಲಕವೋ ವಿದ್ಯಾರ್ಥಿ ಸಂಘಟನೆಗಳ ಮೂಲಕವೋ ಡಿಪೋ ವ್ಯವಸ್ಥಾಪಕರಿಗೆ ಲಿಖಿತವಾಗಿ ಕೊಟ್ಟರೆ ಅದಕ್ಕೊಂದು ತೂಕ ಇರುತ್ತದೆ. ನಿಲ್ದಾಣದಲ್ಲಿ ಕೂಗಾಡಿದ್ದಕ್ಕೆ ದಾಖಲೆ ಇರುವುದಿಲ್ಲ, ಅರ್ಜಿಗೆ ಇರುತ್ತದೆ.

ಎರಡನೆಯದು, ಹೆಚ್ಚುವರಿ ಬಸ್ಸನ್ನು ಮರಳುವ ದಿನಕ್ಕೆ ಮೀಸಲಿಡುವುದು. ಶುಕ್ರವಾರಕ್ಕಿಂತ ಸೋಮವಾರ ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರ ತನಕ ರಾಯಚೂರು, ಬಳ್ಳಾರಿ, ಕಲಬುರಗಿ ಮಾರ್ಗಕ್ಕೆ ತಲಾ ಎರಡು ಬಸ್ಸು ಹೆಚ್ಚಿದ್ದರೆ ಅರ್ಧ ಒತ್ತಡ ಇಳಿಯುತ್ತದೆ. ಹಳ್ಳಿಯ ಸಂಜೆ ಟ್ರಿಪ್ಪನ್ನು ಆ ದಿನ ಯಾವ ಕಾರಣಕ್ಕೂ ರದ್ದು ಮಾಡದಿರುವುದು ಅದಕ್ಕಿಂತ ಮುಖ್ಯ. ಮೊದಲ ಕೊಂಡಿ ಕಳಚಿದರೆ ಉಳಿದವು ಇದ್ದೂ ಪ್ರಯೋಜನವಿಲ್ಲ.

ಮೂರನೆಯದು, ಮಂಗಳವಾರ ನಸುಕಿನ ಬಸ್ಸು. ರಾಯಚೂರು, ಬಳ್ಳಾರಿ ಎರಡೂ ಸಿಂಧನೂರಿನಿಂದ ತೊಂಬತ್ತು ಕಿ.ಮೀ. ಆಸುಪಾಸು. ನಸುಕಿನ ಐದಕ್ಕೆ ಒಂದು ಹೆಚ್ಚುವರಿ ಬಸ್ಸು ಹೊರಟರೆ ಕಾಲೇಜಿನ ಹೊತ್ತಿಗೆ ಮುಟ್ಟಬಹುದು. ರಾತ್ರಿ ಪ್ರಯಾಣದ ಭಯವೂ ಇಲ್ಲ, ಮನೆಯಲ್ಲಿ ಒಂದು ರಾತ್ರಿ ಹೆಚ್ಚು. ಪಟ್ಟಣದವರಿಗೆ ಇದು ಸುಲಭ. ಹಳ್ಳಿಯವರಿಗೆ ಪಟ್ಟಣದಲ್ಲಿ ನೆಂಟರ ಮನೆ ಇರಬೇಕು.

ನಾಲ್ಕನೆಯದು ಕಾಲೇಜುಗಳ ಕೈಯಲ್ಲಿದೆ. ಸಾಲು ರಜೆಯ ಮರುದಿನ ಮೊದಲ ಅವಧಿಗೇ ಕಿರುಪರೀಕ್ಷೆ ಇಡುವುದು ಶಿಸ್ತು ಅಂತ ಕೆಲವರು ತಿಳಿದಿದ್ದಾರೆ. ಅದನ್ನು ಮಧ್ಯಾಹ್ನಕ್ಕೋ ಬುಧವಾರಕ್ಕೋ ಇಟ್ಟರೆ ಪಾಠಕ್ಕೆ ನಷ್ಟವಿಲ್ಲ, ನೂರಾರು ಹುಡುಗರು ರಾತ್ರಿ ಜೀವ ಕೈಯಲ್ಲಿ ಹಿಡಿದು ಹೊರಡುವುದು ತಪ್ಪುತ್ತದೆ. ಹಾಸ್ಟೆಲ್ ಗೇಟು ಆ ಒಂದು ರಾತ್ರಿ ತಡವಾಗಿ ಮುಚ್ಚಿದರೆ ಹುಡುಗಿಯರಿಗೆ ನಿಲ್ದಾಣದಲ್ಲಿ ಬೆಳಗು ಮಾಡುವ ಪ್ರಸಂಗ ಬರುವುದಿಲ್ಲ.

ಮುಂದಿನ ದಿನಗಳು ಗುರುತು ಹಾಕಿಟ್ಟುಕೊಳ್ಳಿ

ಈ ವರ್ಷ ಇನ್ನೂ ಇಂಥ ದಿನಗಳು ಬರುತ್ತವೆ. ಏಪ್ರಿಲ್ 3 ಶುಭ ಶುಕ್ರವಾರ. ಮೇ 1 ಕಾರ್ಮಿಕರ ದಿನವೂ ಶುಕ್ರವಾರವೇ. ಸೆಪ್ಟೆಂಬರ್ 12 ಎರಡನೇ ಶನಿವಾರ, 14 ಸೋಮವಾರ ಗಣೇಶ ಚತುರ್ಥಿ. ಅಕ್ಟೋಬರ್ 2 ಗಾಂಧಿ ಜಯಂತಿ ಮತ್ತೆ ಶುಕ್ರವಾರ. ಯುಗಾದಿ ಮಾರ್ಚ್ 19ರ ಗುರುವಾರ ಬರುವುದರಿಂದ ನಡುವಿನ ಶುಕ್ರವಾರ ಒಂದು ರಜೆ ಹಾಕುವವರೂ ಇದ್ದೇ ಇರುತ್ತಾರೆ. ಗಣೇಶ ಹಬ್ಬದ ಸೋಮವಾರ ರೈಲಿಗೆ ಮರಳುವವರಿಗೆ ಮುಂಗಡ ಬುಕಿಂಗ್ ತೆರೆಯುವುದು ಜುಲೈ 16ಕ್ಕೆ.

ಈ ಸೋಮವಾರದ ಮಟ್ಟಿಗೆ ಹೇಳುವುದಾದರೆ, ಬೆಳಿಗ್ಗೆ ಊರ ಶಾಲೆಯಲ್ಲಿ ಧ್ವಜ ಹಾರಿಸಿ, ಮಧ್ಯಾಹ್ನದ ಮೊದಲ ಬಸ್ಸಿಗೇ ಹೊರಡುವವರು ನಿಶ್ಚಿಂತರು. ಸಂಜೆಯ ತನಕ ಕಾಯುವವರು ರೊಟ್ಟಿ, ಶೇಂಗಾ ಹಿಂಡಿಯ ಗಂಟಿನ ಜೊತೆ ತಾಳ್ಮೆಯನ್ನೂ ಕಟ್ಟಿಕೊಂಡು ಬರುವುದು ಒಳ್ಳೆಯದು. ರಾತ್ರಿ ಒಂಟಿಯಾಗಿ ಇಳಿಯುವ ಹುಡುಗಿಯರ ಫೋನಿನಲ್ಲಿ ತುರ್ತು ಸಂಖ್ಯೆ 112 ಇರಲಿ. ಎಷ್ಟೇ ಹೊತ್ತಾದರೂ ಮುಟ್ಟಿದ ಕೂಡಲೇ ಮನೆಗೆ ಒಂದು ಫೋನ್ ಮಾಡಲಿ. ಆ ಫೋನ್ ಬರುವ ತನಕ ಹಳ್ಳಿಯ ಮನೆಯಲ್ಲಿ ಯಾರೂ ಮಲಗಿರುವುದಿಲ್ಲ.